ಗೃಹಪ್ರವೇಶಕ್ಕೆ ನಾನು ಹಂಚಿದ ಬ್ಯಾಡ್ಜು

ನಲವತ್ತೈದನೇ ವಯಸ್ಸಿಗೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಬರೆದುಕೊಟ್ಟರೆ ಬಗೆಹರಿಯದ ಸಮಸ್ಯೆಯೇ ಜಗತ್ತಿನಲ್ಲಿಲ್ಲ ಎಂಬುದು ನನ್ನ ದೃಢ ನಂಬಿಕೆ!

ಬೀರೂರಿನಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ನನ್ನ ಹೆಂಡತಿಯ ಅಕ್ಕನ ಮಗ ಮನು ಈಗ ಮಾನಸಾ ಆಗಿದ್ದಾಳೆ. ಮೂರು ವರ್ಷದ ಮೇಲೆ, ಸೀರೆಯುಟ್ಟು, ಮೊದಲ ಸಲ ನೆಂಟರ ಮುಂದೆ ಬರುವವಳಿದ್ದಳು. ಫೋನಿನಲ್ಲಿ ಕೇಳಿದಳು:

"ಚಿಕ್ಕಪ್ಪಾ, ‘ಅವನು’, ‘ಬಾರೋ’ ಅಂತ ಯಾರೂ ಅನ್ನಲ್ಲ ತಾನೇ? ಯಾರಾದ್ರೂ ಹಾಗಂದ್ರೆ ಅಲ್ಲಿಂದ್ಲೇ ವಾಪಸ್ ಹೋಗ್ಬಿಡ್ತೀನಿ."

"ಅದ್ರ ಜವಾಬ್ದಾರಿ ನಂದು ಕಣಮ್ಮಾ!"

ಆಫೀಸಿನ ತರಬೇತಿಯೊಂದರಲ್ಲಿ ನೋಡಿದ್ದೆ. ಹೆಸರಿನ ಕೆಳಗೆ ‘ನನ್ನನ್ನು ಹೀಗೆ ಕರೆಯಿರಿ’ ಎಂದು ಬರೆದು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು. ಅವಳೊಬ್ಬಳಿಗೇ ಕೊಟ್ಟರೆ ಎಲ್ಲರೂ ಅವಳನ್ನೇ ನೋಡುತ್ತಾರೆ. ಆದ್ದರಿಂದ ಬಂದವರಿಗೆಲ್ಲ ಹಂಚಿದೆ.

ದೇವನೂರಿನ ಸೋದರಮಾವ ಗುಡುಗಿದರು. "ಲೇ, ನಾನು ಗಂಡ್ಸು ಅನ್ನೋಕೆ ಚೀಟಿ ಬೇಕೇನೋ?" ಕೊನೆಗೆ ‘ಯಜಮಾನ್ರು ಅನ್ನಿ’ ಎಂದು ಬರೆದುಕೊಂಡರು. ಅದನ್ನು ನೋಡಿ ಇನ್ನೂ ಮೂವರು ಹಾಗೇ ಬರೆದುಕೊಂಡರು. "ಯಜಮಾನ್ರೇ, ತಿಂಡಿಗೆ ಬನ್ನಿ" ಎಂದರೆ ನಾಲ್ವರೂ ಏಳುತ್ತಿದ್ದರು!

ಅಷ್ಟರಲ್ಲಿ ಬಾಗಿಲಲ್ಲಿ ಮಾನಸಾ. ‘ಬಾಮ್ಮಾ ಮಾನಸಾ’ ಎಂದು ವಾರವಿಡೀ ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಓಡಿದೆ. ಕೈ ಹಿಡಿದೆ. ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಬಾರೋ ಮನೂ!"

ಅವಳ ಮುಖ ಬಾಡಿತು. ಹೊಸ್ತಿಲ ಮೇಲಿಟ್ಟ ಕಾಲು ಹಿಂದಕ್ಕೆ ಹೋಯಿತು.

ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿದಳು. "ಬಾರೇ ಮಾನಸಾ, ಬಿಸ್ಲಲ್ಲಿ ಬಂದಿದ್ದೀಯ" ಎಂದು ಒಳಗೆ ಕರೆದು ಕುಂಕುಮವಿಟ್ಟು ರವಿಕೆ ಕಣ ಕೊಟ್ಟಳು. ಅಷ್ಟೇ! ಸೋದರಮಾವನೂ "ಕೂತ್ಕೊಳ್ಳಮ್ಮಾ" ಎಂದು ಜಾಗ ಬಿಟ್ಟರು. ಬ್ಯಾಡ್ಜನ್ನು ಯಾರೂ ಓದಲಿಲ್ಲ.

ಆಗ ಹೆಂಡತಿಯ ಬ್ಯಾಡ್ಜು ಕಣ್ಣಿಗೆ ಬಿತ್ತು. ‘"ಲೇ", "ಏನೇ" ಅನ್ನೋದು ಬೇಡ. ನನಗೂ ಹೆಸರಿದೆ.’

"ಇಪ್ಪತ್ತು ವರ್ಷ ಆಯ್ತು ಕಣ್ರೀ. ನನ್ನ ಒಂದ್ಸಲನಾದ್ರೂ ಕೇಳಿದ್ರಾ?" ಎಂದು ಅಡುಗೆಮನೆಗೆ ಹೋದಳು.

ತಪ್ಪು ತಿದ್ದಿಕೊಳ್ಳಬೇಕಲ್ಲ! ಗಂಟಲು ಸರಿಮಾಡಿಕೊಂಡು ಕೂಗಿದೆ. "ಸಾವಿತ್ರೀ!"

ಸೌಟು ಹಿಡಿದೇ ಓಡಿಬಂದಳು. "ಏನಾಯ್ತ್ರೀ? ಎದೆನೋವಾ?" ಹಿಂದೆಯೇ ನಾಲ್ವರು ಯಜಮಾನರೂ!

ಮಾನಸಾ ಹೊಟ್ಟೆ ಹಿಡಿದು ನಕ್ಕಳು. ಹಂಚುವ ಗಡಿಬಿಡಿಯಲ್ಲಿ ನನ್ನ ಬ್ಯಾಡ್ಜು ಖಾಲಿಯೇ ಉಳಿದಿತ್ತು. ಅದನ್ನು ಕಿತ್ತುಕೊಂಡು, ಹೊಸದಾಗಿ ಕಾರು ಕಲಿಯುವವರು ಅಂಟಿಸಿಕೊಳ್ಳುತ್ತಾರಲ್ಲ, ಹಾಗೆ ಲಿಪ್‌ಸ್ಟಿಕ್ಕಿನಲ್ಲಿ ದೊಡ್ಡದೊಂದು ‘ಎಲ್’ ಬರೆದು ನನ್ನ ಎದೆಗೆ ಸಿಕ್ಕಿಸಿದಳು.

ಗೋಡೆಯ ಮೇಲೆ ನನ್ನ ಹತ್ತನೇ ತರಗತಿಯ ಅಂಕಪಟ್ಟಿಯ ಪಕ್ಕದಲ್ಲಿ ಈಗ ಅದೂ ತೂಗುತ್ತಿದೆ!