ಮಿಸ್ ಪೆಟೂನಿಯಾ ಅವರ ಟೋಪಿಯ ಕುರಿತು

ಸಂಜೆ ಆರು ಗಂಟೆ. ಮಧ್ಯಾಹ್ನ ವಿಂಟರ್‌ಲೋ ಹೌಸ್ ಎಂಬ ಹಳೆಯ ಬಂಗಲೆಗೆ ಹೋಗಿ ಬಂದದ್ದಾಯಿತು, ಒದ್ದೆ ಬೂಟುಗಳಿಗೆ ಹಳೆಯ ಪೇಪರು ತುರುಕಿ ಒಲೆಯ ಬಳಿ ಇಟ್ಟದ್ದಾಯಿತು, ತಮ್ಮನ್ನು ಟೀ ಪಾತ್ರೆಗೆ ಒರಗಿಸಿ ಕೂರಿಸಿ ಈ ಪತ್ರ ಬರೆಯಲು ಕೂತದ್ದೂ ಆಯಿತು.

ಮಾನ್ಯ ಮಿಸ್ ಪೆಟೂನಿಯಾ ಅವರೇ,

ಉಣ್ಣೆಯ ಕೈಕಾಲು, ಗುಂಡಿಯ ಕಣ್ಣು, ಅಗಲವಾದ ಹುಲ್ಲಿನ ಟೋಪಿ, ಇಷ್ಟೇ ಸಂಪತ್ತಿನೊಡನೆ ಇಂಗ್ಲೆಂಡಿನ ಅರ್ಧ ಇತಿಹಾಸವನ್ನು ಕಂಡುಬಂದಿರುವ ತಮಗೆ, ನಮ್ಮ ಹೆಣಿಗೆ ಮಂಡಳಿಯ ಸಮಸ್ತರ ಪರವಾಗಿ ನನ್ನ ನಮಸ್ಕಾರಗಳು. ಒಬ್ಬ ಗೊಂಬೆಯ ಮೇಲೆ ದೂರು ಬರೆಯುವುದು ನನಗೂ ಹೊಸತು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆಯಲ್ಲಿ ಬರೀ ಹತ್ತಿ ಇರುವುದರಿಂದ ಜಾಗಕ್ಕೇನೂ ಕೊರತೆಯಾಗಲಾರದು.

ಮಂಡಳಿಯ ಪದ್ಧತಿಯಂತೆ ತಾವು ಸರದಿಯ ಮೇಲೆ ಒಬ್ಬೊಬ್ಬರ ಮನೆಗೆ ಬರುತ್ತೀರಿ. ಆ ಮನೆಯವರು ತಮ್ಮನ್ನು ಹಳೆಯ ಕೋಟೆ, ಅರಮನೆ, ಚರ್ಚುಗಳಿಗೆ ಕರೆದೊಯ್ದು, ಮಂಡಳಿಯ ಕ್ಯಾಮೆರಾದಲ್ಲಿ ಚಿತ್ರ ತೆಗೆದು, ಫಿಲ್ಮನ್ನು ಮಿಸೆಸ್ ಒಕೆಂಡನ್ ಅವರಿಗೆ ಒಪ್ಪಿಸಬೇಕು. ಅವರು ಚಿತ್ರಗಳನ್ನು ಚರ್ಚಿನ ಸಭಾಂಗಣದ ಹಲಗೆಗೆ ಚುಚ್ಚುತ್ತಾರೆ. ಕಳೆದ ಬೇಸಿಗೆಯಲ್ಲಿ ತಾವು ನಮ್ಮಲ್ಲಿದ್ದಿರಿ. ಆಗ ನಮ್ಮಲ್ಲಿ ಎಂದರೆ ನಾನು ಮತ್ತು ನನ್ನ ಗಂಡ ಸಿರಿಲ್. ನವೆಂಬರಿನಲ್ಲಿ ಸಿರಿಲ್ ತೀರಿಕೊಂಡ. ಈ ಸರದಿಯಲ್ಲಿ ನಾನೊಬ್ಬಳೇ.

ತಮ್ಮ ಆ ಪ್ರವಾಸದ ವೈಭವವನ್ನು ಎಷ್ಟು ಹೊಗಳಿದರೂ ಸಾಲದು. ಸ್ಟೋನ್‌ಹೆಂಜ್‌ನಲ್ಲಿ ತಾವು ಆ ಕಲ್ಲುಗಳಷ್ಟೇ ಎತ್ತರ ಕಾಣಬೇಕೆಂದು ಸಿರಿಲ್ ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿದ. ಆಮೇಲೆ ಅವನನ್ನು ಎಬ್ಬಿಸಲು ನನ್ನ ಜೊತೆಗೆ ಇಬ್ಬರು ಜರ್ಮನ್ ಪ್ರವಾಸಿಗರು ಕೈಹಾಕಬೇಕಾಯಿತು. ಬಾತ್ ಎಂಬ ಊರಿನಲ್ಲಿ ರೋಮನ್ನರ ಕೊಳದ ಕಟ್ಟೆಗೆ ತಾವು ರಾಣಿಯಂತೆ ಒರಗಿದ್ದಿರಿ. ನೀರಿಗೆ ಬೀಳದಂತೆ ಹಿಂದಿನಿಂದ ತಮ್ಮ ಲಂಗ ಹಿಡಿದವಳು ನಾನು. "ಒಂದ್ಸಲ ನೀನು ಅವಳ ಪಕ್ಕ ನಿಂತ್ಕೊಳ್ಳೋ, ನಾನ್ ತೆಗೀತೀನಿ" ಎಂದು ನಾನು ಹೋದಲ್ಲೆಲ್ಲ ಹೇಳಿದೆ. "ಈ ಬೋಳುತಲೆ ಯಾರಿಗೆ ಬೇಕೇ? ಅವಳು ಪಾಪ ಮೊದಲ್ನೇ ಸಲ ನೋಡ್ತಿದಾಳೆ. ನಾವಿಬ್ರೂ ಇನ್ನೊಂದ್ಸಲ ಬಂದ್ರಾಯ್ತು" ಎಂದು ಅವನು ಹೋದಲ್ಲೆಲ್ಲ ಹೇಳಿದ.

ಹೀಗಾಗಿ ತಮ್ಮ ಚಿತ್ರಗಳು ಒಂದು ಹಲಗೆ ತುಂಬ ಇವೆ. ಅವನದಿಲ್ಲ. ಕೆಲವುಗಳ ಮೂಲೆಯಲ್ಲಿ ಅವನ ಹೆಬ್ಬೆರಳಿದೆ, ಅಷ್ಟೇ. ಮನೆಯಲ್ಲಿ ಮದುವೆಯ ದಿನದ್ದೊಂದು ಇದೆ, ಆದರೆ ಅದರಲ್ಲಿ ತಲೆತುಂಬ ಕೂದಲಿರುವ ಯಾರೋ ಇದ್ದಾನೆ; ನನಗೆ ಬೇಕಾದ ಬೋಳುತಲೆಯವನು ಎಲ್ಲೂ ಇಲ್ಲ. ನನ್ನ ದೂರು ಇದೇ.

ಇನ್ನು ಇವತ್ತಿನ ವಿಷಯ. ವಿಂಟರ್‌ಲೋ ಹೌಸಿನ ನೀಲಿ ಕೋಣೆಯಲ್ಲಿ ಬಂದವರು ಕೂರಲೆಂದೇ ಇಟ್ಟಿರುವ ಒಂದೇ ಒಂದು ಕುರ್ಚಿಯಲ್ಲಿ, ಕಳೆದ ವರ್ಷ ಸಿರಿಲ್ ಕೂರಿಸಿದಂತೆಯೇ ತಮ್ಮನ್ನು ಕೂರಿಸಿದೆ. ಕ್ಯಾಮೆರಾ ಎತ್ತಿದೆ. ಕಣ್ಣು ಮಂಜಾಯಿತು. ತಮ್ಮನ್ನು ಅಲ್ಲಿಯೇ ಬಿಟ್ಟು ತೋಟದ ಬೆಂಚಿಗೆ ಹೋಗಿ, ಮಳೆ ಬರುವ ತನಕ ಕೂತಿದ್ದೆ.

ಇಂಥ ಮನೆಗಳಲ್ಲಿ ಕೂರಬಾರದ ಕುರ್ಚಿಯ ಮೇಲೆ ಒಣಗಿದ ಮುಳ್ಳುಹೂವೊಂದನ್ನು ಇಡುತ್ತಾರೆ. 'ಕೂರಬೇಡಿ' ಎಂದು ಬಾಯಿಬಿಟ್ಟು ಹೇಳುವಷ್ಟು ಒರಟರು ನಾವಲ್ಲ. ತಮ್ಮನ್ನೂ ಜನ ಹಾಗೆಯೇ ತಿಳಿದರು. ನಾನು ಮರಳಿದಾಗ ಕೋಣೆ ತುಂಬ ಜನ ನಿಂತೇ ಇದ್ದರು, ಕೋಲೂರಿದ ಒಬ್ಬ ಅಜ್ಜಿಯೂ ಸೇರಿದಂತೆ. "ಕೂತ್ಗೀತ್ಕೊಂಡೀಯಾ ಮಾರಾಯ, ಮುಳ್ಳುಹೂವಿನ ಬದ್ಲು ಗೊಂಬೆ ಇಟ್ಟಿದಾರೆ ನೋಡು" ಎಂದು ಒಬ್ಬಳು ಗಂಡನ ತೋಳು ಜಗ್ಗುತ್ತಿದ್ದಳು. ಕಾವಲಿಗಿದ್ದ ಮಿಸ್ಟರ್ ಲೆಡ್‌ಬೆಟರ್ ಕೂಡ ನಂಬಿಬಿಟ್ಟಿದ್ದರು. "ಆಫೀಸ್ನವರು ಬದ್ಲಾಯಿಸಿರ್ಬೇಕು ಅಂದ್ಕೊಂಡೆ ಮೇಡಂ. ನಂಗ್ಯಾರು ಹೇಳ್ತಾರೆ ಇಲ್ಲಿ? ಇದ್ರಲ್ಲಿ ಚುಚ್ಚೋದಂತೂ ಇಲ್ಲ." ಕೂರುವ ಹಕ್ಕಿದ್ದ ಒಂದೇ ಕುರ್ಚಿಯಿಂದ ಇಡೀ ಕೋಣೆಯನ್ನು ಒಂದು ಮಾತೂ ಆಡದೆ ದೂರವಿಟ್ಟ ತಮ್ಮ ಗಾಂಭೀರ್ಯಕ್ಕೆ ನನ್ನ ಅಭಿನಂದನೆಗಳು.

ಅಜ್ಜಿ ಕೂತು ಸುಧಾರಿಸಿಕೊಂಡು ಹೋದ ಮೇಲೆ ತಮ್ಮನ್ನು ಮತ್ತೆ ಕೂರಿಸಿ ಕ್ಯಾಮೆರಾ ಎತ್ತಿದೆ. "ಫ್ಲ್ಯಾಶ್ ಬೇಡ ಮೇಡಂ, ಪರದೆ ಬಣ್ಣ ಹೋಗತ್ತೆ" ಎಂದರು ಲೆಡ್‌ಬೆಟರ್. ಕಳೆದ ವರ್ಷ ಸಿರಿಲ್‌ಗೂ ಇದನ್ನೇ ಹೇಳಿದ್ದರು. ಅವನ ಕೋಟು ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಇವತ್ತು ಕ್ಯಾಮೆರಾ ಎತ್ತಿದಾಗಲೇ ಕಂಡಿತು: ಕುರ್ಚಿಯ ಹಿಂದಿನ ಗೋಡೆಯಲ್ಲಿ ದೊಡ್ಡದೊಂದು ಕನ್ನಡಿ, ಕನ್ನಡಿಯಲ್ಲಿ, ತಮ್ಮ ಟೋಪಿಯ ಪಕ್ಕದಲ್ಲಿ, ಕ್ಯಾಮೆರಾ ಹಿಡಿದ ಒಬ್ಬ ಮುದುಕಿ.

ಸಿರಿಲ್ ನಿಂತದ್ದೂ ಅಲ್ಲೇ.

ಆ ಹಲಗೆಯ ಹತ್ತಿರ ನಾನು ನವೆಂಬರಿನಿಂದ ಹೋಗಿಲ್ಲ. ಮನೆಗೆ ಬಂದವಳೇ ಮಿಸೆಸ್ ಒಕೆಂಡನ್‌ಗೆ ಫೋನು ಮಾಡಿ, ಕಳೆದ ವರ್ಷದ ನೀಲಿ ಕೋಣೆಯ ಚಿತ್ರದಲ್ಲಿ ಕನ್ನಡಿ ಬಂದಿದೆಯೇ ಎಂದು ಕೇಳಿದೆ. "ಕನ್ನಡಿ ಇದ್ಯೋ ಇಲ್ವೋ ಯಾರ್ ನೋಡಿದಾರೆ ಎನಿಡ್? ಎಲ್ರೂ ಗೊಂಬೇನ್ ತಾನೆ ನೋಡೋದು!" ಎಂದರು.

ಆದ್ದರಿಂದ ತಮ್ಮಲ್ಲಿ ಒಂದೇ ಒಂದು ಬಿನ್ನಹ. ಕಳೆದ ವರ್ಷದ ಆ ಚಿತ್ರದಲ್ಲಿ ತಾವು ದಯವಿಟ್ಟು ಸ್ವಲ್ಪ ಎಡಕ್ಕೆ ಸರಿದು ಕೂರಬೇಕು. ಅದಾಗದಿದ್ದರೆ ಟೋಪಿಯನ್ನಾದರೂ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಮುಖಕ್ಕೆ ಕ್ಯಾಮೆರಾ ಅಡ್ಡ ಇರುತ್ತದೆ ಎಂಬುದು ನನಗೆ ಗೊತ್ತು. ಬೋಳುತಲೆ ಕಂಡರೂ ಸಾಕು.

ತಮ್ಮ ಲಂಗ ಬಿಡದೆ ಹಿಡಿದಿದ್ದ, ತಮ್ಮ ವಿಶ್ವಾಸಿ,
ಎನಿಡ್ ಥ್ರೆಲ್ಫಾಲ್

ತಾ.ಕ.: ಸರಿಯಲು ಮನಸ್ಸಿಲ್ಲದಿದ್ದರೆ ಬಲವಂತವೇನೂ ಇಲ್ಲ. ತಮ್ಮ ಮುಂದಿನ ಸರದಿ ಮಿಸೆಸ್ ಒಕೆಂಡನ್ ಅವರ ಮನೆಯಲ್ಲಿ, ಮತ್ತು ಅವರ ನಾಯಿಮರಿಗೆ ಉಣ್ಣೆ ಎಂದರೆ ಪ್ರಾಣ. ಸಭಾಂಗಣದ ಬೀಗದ ಕೈಯೂ ಅವರಲ್ಲೇ ಇದೆ. ನಾಳೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಾರೆ.