ಒಂದು ಜೋಗುಳ, ಮೂರು ವಯರು

ಮಗ್ಗ ಒಂದು ಬಿಟ್ಟು ನಾನು ಕೈ ಹಾಕಿದ ಯಾವ ಕೆಲಸವೂ ನೆಟ್ಟಗೆ ಆಗೋದಿಲ್ಲ. ಮೊಳಕಾಲ್ಮುರಿನಲ್ಲಿ ಸೀರೆ ನೇಯ್ದುಕೊಂಡು ಇದ್ದವನು. ಶಾಲೆಗೆ ಜಾಸ್ತಿ ಹೋಗಲಿಲ್ಲ. ಹೆಂಡ್ತಿ ಇದ್ದಾಗ ಮಿಕ್ಕಿದ್ದೆಲ್ಲ ಅವಳೇ ನೋಡ್ಕೊಳ್ತಿದ್ದಳು. ಈಗ ಅವಳಿಲ್ಲ. ಎಡವಟ್ಟು ಮಾತ್ರ ನಿಂತಿಲ್ಲ.

ಚಿತ್ರದುರ್ಗದಲ್ಲಿರೋ ಮಗಳು ಬಸುರಿ. ಅವ್ವ ಹಾಡ್ತಿದ್ದ ಜೋಗುಳ ನನ್ನ ಮಗೂಗೂ ಬೇಕು ಅಂದಳು. ಆ ಪದ ಪೂರ್ತಿ ಬರೋದು ಈಗ ಒಬ್ಬರಿಗೇ, ನನ್ನ ಹೆಂಡ್ತಿಯ ಅಕ್ಕನಿಗೆ. ರಾಯದುರ್ಗದಿಂದ ಬಂದು ನಮ್ಮನೇಲಿದ್ದರು. ಊರಿಗೆ ವಾಪಸ್ ಹೋದ ಕೂಡಲೇ ಅವರಿಗೆ ಉಳಿದ ಹಲ್ಲೆಲ್ಲ ಕೀಳಿಸೋದಿತ್ತು. ಹಲ್ಲು ಹೋದರೆ ಪದ ಬರೀ ಗಾಳಿ. ಅದಕ್ಕೆ ಮುಂಚೆ ರೆಕಾರ್ಡ್ ಆಗಬೇಕು. ಮಗಳು ಮೈಕು, ರೆಕಾರ್ಡಿಂಗ್ ಡಬ್ಬಿ, ಹಳೇ ಲ್ಯಾಪ್‌ಟಾಪು ತಂದಿಟ್ಟಳು. ಯಾವ ಗುಂಡಿ ಒತ್ತಬೇಕು ಅಂತ ತೋರಿಸಿ ಹೋದಳು. ವಯರ್ ತರೋದು ಮರೆತಿದ್ದಳು.

ತಲೆಕೆಳಗಾಗಿ ಹಾಡೋರು

ಚಳ್ಳಕೆರೆಗೆ ಹೋದೆ. ಮೈಕ್‌ಸೆಟ್ ಅಂಗಡಿಯವನು ಎರಡು ವಯರ್ ತೆಗೆದಿಟ್ಟ. ಎರಡಕ್ಕೂ ಮೈಕಿನ ಕಡೆ ಮೂರು ತೂತು. ಡಬ್ಬಿಯ ಕಡೆ ಒಂದಕ್ಕೆ ಉದ್ದನೆ ಮೂತಿ, ಇನ್ನೊಂದಕ್ಕೆ ಮೂರು ಕಡ್ಡಿ.

"ಮೂತಿದು ಅನ್‌ಬ್ಯಾಲೆನ್ಸ್ಡ್. ಕಡ್ಡಿದು ಬ್ಯಾಲೆನ್ಸ್ಡ್" ಅಂದ.

"ಅಂದ್ರೆ?"

"ಕಡ್ಡಿದ್ರೊಳಗೆ ದನಿ ಎರಡು ಎಳೇಲಿ ಹೋಗ್ತೈತೆ ಯಜಮಾನ್ರೇ. ಒಂದ್ರಲ್ಲಿ ನೆಟ್ಟಗೆ, ಒಂದ್ರಲ್ಲಿ ತಲೆಕೆಳಗು. ದಾರೀಲಿ ಸೇರಿದ ಗದ್ದಲ ಎರಡ್ರಲ್ಲೂ ಒಂದೇ ತರ ಇರ್ತೈತೆ. ಆ ತುದೀಲಿ ತಲೆಕೆಳಗಾದ್ದನ್ನ ತಿರುಗಿಸ್ತಾರೆ. ಆಗ ಗದ್ದಲ ಗದ್ದಲಕ್ಕೆ ಹೊಡ್ಕೊಂಡು ಸಾಯ್ತೈತೆ. ದನಿ ಉಳೀತೈತೆ."

ನಾನು ಬಹಳ ಹೊತ್ತು ಯೋಚಿಸಿದೆ. "ಹಾಡೋರು ಒಬ್ಬರೇ ಇರೋದಪ್ಪಾ. ತಲೆಕೆಳಗಾಗಿ ಹಾಡೋಕೆ ಯಾರನ್ನ ಕರೀಲಿ?"

ಅವನು ನನ್ನ ಮುಖ ನೋಡಿದ. "ಮೊದ್ಲು ಒಂದು ಟೀ ಕುಡೀರಿ" ಅಂದ.

ಮೂತಿದೇ ತಂದೆ. ಭಜನೆ ಮನೇಲೂ ಅಂಥದೇ ಇತ್ತು. ನೋಡಿ ಗೊತ್ತಿತ್ತು.

ಜೇನು

ಡಬ್ಬಿ ಪಡಸಾಲೇಲಿ. ಮೈಕು ಒಳಮನೇಲಿ. ನಡುವೆ ಫ್ರಿಜ್ಜು, ಅದರ ಪಕ್ಕದಲ್ಲೇ ವಯರು. ಅಕ್ಕ ಎರಡು ಸಾಲು ಹಾಡಿದರು. ಹಾಕಿ ಕೇಳಿದೆವು. ಗುಂಯ್.

"ಏಮಯ್ಯಾ, ನಿನ್ನ ಡಬ್ಬೀಲಿ ಜೇನು ಕಟ್ಟೈತಾ?" ಅಂದರು ಅಕ್ಕ. ಆಂಧ್ರದ ಕಡೆ ರಾಯದುರ್ಗದವರು, ತೆಲುಗು ಬೆರೆಸಿ ಹಂಗೇ ಕರೆಯೋದು.

ಮತ್ತೆ ಚಳ್ಳಕೆರೆ. ಈ ಸಲ ಕಡ್ಡಿದು ತಂದೆ. ಬಲು ಉದ್ದ. ಅಕ್ಕ ಎಡವಿದರು. ನೇಕಾರನಿಗೆ ಉದ್ದ ಜಾಸ್ತಿ ಆದರೆ ಏನು ಮಾಡಬೇಕು ಗೊತ್ತಲ್ಲ. ನಡುವೆ ಹೆಚ್ಚಾದಷ್ಟು ಕತ್ತರಿಸಿ ತೆಗೆದೆ. ಒಳಗೆ ಕೆಂಪು ಎಳೆ, ಬಿಳಿ ಎಳೆ, ಸುತ್ತ ತಾಮ್ರದ ಜಾಳಿಗೆ. ಎಳೆ ಕಡಿದರೆ ಕೈ ಕೇಳೋದಿಲ್ಲ, ತಾನೇ ಗಂಟು ಹಾಕುತ್ತೆ. ಎಲ್ಲ ಸಿಪ್ಪೆ ಸುಲಿದು, ಎಂಜಲು ಹಚ್ಚಿ ಹೊಸೆದು, ಸೇರಿಸಿ ಒಂದೇ ಗಂಟು ಹಾಕಿದೆ. ಎಳೆದು ನೋಡಿದೆ. ಗಟ್ಟಿ.

ಗುಂಯ್ ಪೂರಾ ಹೋಗಿತ್ತು. ನನಗೆ ಖುಷಿಯೋ ಖುಷಿ. ಅಕ್ಕ ಇಡೀ ಪದ ಹಾಡಿದರು. ಹಾಕಿ ಕೇಳಿದರೆ ಗುಂಯ್ ಇಲ್ಲ, ಅಕ್ಕನೂ ಇಲ್ಲ.

ಫೋನಲ್ಲಿ ಮಗಳು, "ಅಪ್ಪಾ, ಆ ಎಳೆ ಒಂದಕ್ಕೊಂದು ತಾಗಬಾರದು!" ಅಂದಳು.

ಅಕ್ಕ ಬಾಯಿ ಒರೆಸಿಕೊಂಡರು. "ಡಬ್ಬಿಗೆ ನಂದೂ ಗದ್ದಲಾನೇ ಅನ್ನಿಸ್ತು ಬಿಡು."

ಐಸಿಯು

ಮೂರನೇ ವಯರ್ ತಂದೆ. ಕಡ್ಡಿದೇ, ಆದರೆ ಗಿಡ್ಡದು. ಕತ್ತರಿಯನ್ನ ಅಕ್ಕ ತಲೆದಿಂಬಿನ ಕೆಳಗೆ ಇಟ್ಟುಕೊಂಡರು.

ಎಲ್ಲ ಸಿದ್ಧ ಆದ ಮೇಲೆ, "ತೊಟ್ಟಿಲು ಇಲ್ದೆ ರಾಗ ಕೂಡ್ತಿಲ್ಲ. ಇಳಿಸು" ಅಂದರು. ಅಟ್ಟದಿಂದ ಇಳಿಸಿ ಕಟ್ಟಿದೆ. "ಖಾಲಿ ತೂಗಬಾರದು, ಅಪಶಕುನ" ಅಂದರು. ಹೆಸರಿಡೋ ದಿನ ಮಗೂಗಿಂತ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕೋದು ನಮ್ಮಲ್ಲಿ ಪದ್ಧತಿ. ಒರಳಿನ ಗುಂಡು ತಂದೆ. ಅಕ್ಕ ಅದಕ್ಕೆ ಕುಲಾವಿ ಹಾಕಿ, ಹೊದಿಸಿ ಮಲಗಿಸಿದರು. ನಾನು ಮೈಕನ್ನ ಅದರ ತಲೆ ಹತ್ತಿರ ಕಟ್ಟಿದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳೋಕೆ ಬಂದಳು. ತೊಟ್ಟಿಲು ನೋಡಿದಳು. ವಯರ್ ನೋಡಿದಳು. ದನಿ ಇಳಿಸಿ ಕೇಳಿದಳು:

"ಯಾವಾಗ ಆಯ್ತ್ರಿ ಹೆರಿಗೆ? ಕೂಸಿಗೆ ಉಸಿರಿಗೂ ವಯರ್ ಹಾಕೀರಲ್ಲ, ಉಳೀತೈತಾ?"

"ಕಲ್ಲಿನಂಗೈತೆ. ಏನೂ ಆಗಲ್ಲ" ಅಂದರು ಅಕ್ಕ.

ಸುರ್

ಅಕ್ಕ ಹಾಡಿದರು. ಗುಂಯ್ ಇಲ್ಲ. ಒಂದೊಂದು ಮಾತೂ ಕೇಳುತ್ತಿತ್ತು. ಮಗಳಿಗೆ ಕಳಿಸಿದೆ. ಅವಳು ಫೋನ್ ಮಾಡಿದಳು.

"ಚೆನ್ನಾಗೈತಪ್ಪಾ. ಆದ್ರೆ ನಡುವೆ ನಡುವೆ ಸುರ್ ಅಂತ ಏನೋ ಬರ್ತೈತೆ."

ಹುಡುಕಿದೆವು. ಫ್ರಿಜ್ಜು ಆರಿಸಿದೆ, ಫ್ಯಾನ್ ಆರಿಸಿದೆ, ನಲ್ಲಿ ಬಿಗಿ ಮಾಡಿದೆ. ಅಂಗಡಿಯವನಿಗೆ ಫೋನ್ ಮಾಡಿದರೆ, "ಬ್ಯಾಲೆನ್ಸ್ಡ್ ವಯರಲ್ಲಿ ಸುರ್ ಬರೋದಿಲ್ರಿ. ರೂಮಲ್ಲೇ ಏನೋ ಐತೆ" ಅಂದ. ಮತ್ತೆ ಹಾಡಿಸಿದೆ. ಮತ್ತೆ ಸುರ್. ನನಗೆ ತಲೆ ಕೆಟ್ಟುಹೋಯಿತು.

ಇನ್ನೊಂದು ಸಲ. "ಅವ್ವನ ಸೆರಗಿನ ಗಾಳಿ" ಅನ್ನೋ ಸಾಲು ಬಂತು. ಅಕ್ಕ ಹಾಡು ನಿಲ್ಲಿಸಿ ನನ್ನನ್ನೇ ನೋಡಿದರು.

"ಏಮಯ್ಯಾ. ಸುರ್ ಅನ್ನೋದು ನೀನು."

ಮೂಗು ಮುಟ್ಟಿ ನೋಡಿಕೊಂಡೆ. ಒದ್ದೆ ಇತ್ತು. ನನಗೆ ಗೊತ್ತೇ ಆಗಿರಲಿಲ್ಲ.

"ವಯರ್ ಬದಲಾಯಿಸಿದ್ದಾಯ್ತು. ಮೂಗು ಬದಲಾಯಿಸೋಕೆ ಯಾವ ಅಂಗಡಿಗೆ ಹೋಗ್ತೀಯ? ನಡಿ, ಜಗಲಿ ಮೇಲೆ ಕೂತು ಅತ್ಕೋ. ಬಾಗಿಲು ಹಾಕ್ತೀನಿ."

ಗುಂಡಿ ಒತ್ತಿ ಹೊರಗೆ ಬಂದು ಕೂತೆ. ಬಾಗಿಲ ಸಂದಿಯಿಂದ ಪದ ಸಣ್ಣಗೆ ಬರುತ್ತಿತ್ತು. ಹೆಂಡ್ತಿಯ ದನಿ, ಅಕ್ಕನ ದನಿ, ದೂರದಿಂದ ಒಂದೇ. ಮುಗಿದ ಮೇಲೆ ಅಕ್ಕ ಕರೆದರು. ಇಬ್ಬರೂ ಕೂತು ಕೇಳಿದೆವು. ಮೊದಲಿಂದ ಕೊನೆವರೆಗೂ ಒಳ್ಳೇ ತಿಳಿನೀರಿನಂಗಿತ್ತು. ಕೊನೇ ಸಾಲು ಮುಗಿಯಿತು.

ಸುರ್.

"ಅಕ್ಕಾ, ನಾನು ಹೊರಗಿದ್ದೆ" ಅಂದೆ.

ಅಕ್ಕ ಆ ಕಡೆ ತಿರುಗಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ವಯರೇ ಸರಿಯಿಲ್ಲ" ಅಂದರು. "ವಾಪಸ್ ಕೊಟ್ಟು ಬಾ."