ತಕ್ಕಡಿಯಡಿಯ ಆನೆ

ಹಳೆಯ ನಾಣ್ಯ ಕೂಡಿಡುವವನ ಮನೆಯಲ್ಲಿ ಒಂದು ವಾರವೂ ನೆಟ್ಟಗೆ ಕಳೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಸಾಲಿ ಮಾಸ್ತರನಾಗಿದ್ದಾಗ ನನಗೆ ಈ ಹುಚ್ಚು ಹತ್ತಿತ್ತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ!

೧. ಜೋಳ

ನಯಾ ಪೈಸೆ ಬಂದ ಹೊಸತು. ಊರೆಲ್ಲ ಹೊಸ ದುಡ್ಡಿನ ಗಡಿಬಿಡಿಯಲ್ಲಿದ್ದರೆ ನಾನು ಚೀಲ ಹಿಡಿದು ಮನೆಮನೆಗೆ ಹೋಗಿ, "ಹಳೇ ದುಡ್ಡು ಅದಾವೇನ್ರಿ?" ಎನ್ನುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಒಳಗೋಡಿ, ಒಂದು ಸೇರು ಜೋಳ ತಂದು ನನ್ನ ಚೀಲಕ್ಕೆ ಸುರಿದಳು.

"ಪಗಾರ ಆಗಿಲ್ಲಂತ ಮದಲ ಹೇಳಬಾರದೇನೋ ತಮ್ಮಾ? ನಾಚಬ್ಯಾಡ!"

ತಿರುಗಿ ಕೊಟ್ಟರೆ ಬೇಜಾರಾದಾಳೆಂದು ರೊಟ್ಟಿ ಮಾಡಿಸಿ ತಿಂದೆ.

೨. ಹುಣಸೆಹಣ್ಣು

ಕೊನೆಗೂ ಟಿಪ್ಪುವಿನ ಕಾಲದ ಆನೆ ಚಿತ್ರದ ತಾಮ್ರದ ದುಡ್ಡೊಂದು ಸಿಕ್ಕೇಬಿಟ್ಟಿತು! ಧಾರವಾಡದಲ್ಲಿ ನಾಣ್ಯ ಬಲ್ಲ ಪ್ರೊಫೆಸರೊಬ್ಬರಿದ್ದರು, ಯಾರನ್ನೂ ಸುಲಭಕ್ಕೆ ಹೊಗಳಿದವರಲ್ಲ. "ಆನಿ ಖರೇನ ಇದ್ರ ರವಿವಾರ ನಾಕಕ್ಕ ಬರತೇನಿ" ಎಂದು ನನ್ನ ಕಾಗದಕ್ಕೆ ಉತ್ತರ ಹೇಳಿ ಕಳಿಸಿದರು. ಅವರ ಬಾಯಿಂದ ಒಂದು 'ಭಲೇ' ಕೇಳಲು ನನ್ನ ಜೀವ ತುದಿಗಾಲಲ್ಲಿ ನಿಂತಿತ್ತು.

ರವಿವಾರ ಬೆಳಿಗ್ಗೆ ಹೆಂಡತಿ ನಗುತ್ತ ಬಂದಳು. "ದೊಡ್ಡವರು ಬರತಾರಂತ ನಿಮ್ಮ ದುಡ್ಡು ಹುಣಸಿಹಣ್ಣು, ಬೂದಿ ಹಚ್ಚಿ ಗಸಗಸ ತಿಕ್ಕೇನ್ರಿ. ಹೆಂಗ ಹೊಳಿಯಾಕತ್ತೈತಿ ನೋಡ್ರಿ!"

ಹೊಳೆಯುತ್ತಿತ್ತು, ಸುಳ್ಳಲ್ಲ. ಮೊದಲೇ ಸವೆದಿದ್ದ ಆನೆ ಮಾತ್ರ ಇರಲಿಲ್ಲ.

"ಆನಿ ಎಲ್ಲೆ?"

"ಅದು ಆನೀನಾ? ನಾ ಕಿಲುಬು ಅಂದ್ಕೊಂಡಿದ್ದೆ!"

೩. ತಕ್ಕಡಿ

ಹೆಂಡತಿ ಮುನಿಸಿಕೊಂಡು ಲಕಮನಹಳ್ಳಿಯ ತನ್ನ ಅಕ್ಕನ ಮನೆಗೆ ಹೊರಟುಹೋದಳು. ನಾನು ಮನೆಗೆ ಕೀಲಿ ಹಾಕಿ ಸೈಕಲ್ ಹತ್ತಿ ಊರ ಅಂಚಿನ ಉಣಕಲ್ಲಿಗೆ ಹಾರಿದೆ. ಅಲ್ಲಿಯ ಕಿರಾಣಿ ಚಾಚಾನ ತಕ್ಕಡಿಯ ಒಂದು ತಟ್ಟೆ ಹಗುರ. ಸಮ ನಿಲ್ಲಲೆಂದು ಅದರಡಿಗೆ ದಾರದಿಂದ ಒಂದು ಆನೆ ದುಡ್ಡು ಕಟ್ಟಿದ್ದ. ವರ್ಷದಿಂದ ಬೇಡಿದರೂ ಕೊಟ್ಟಿರಲಿಲ್ಲ.

"ಅಷ್ಟಽ ತೂಕದ್ದು ಏನರೆ ಕಟ್ರಿ ಮಾಸ್ತರ, ಒಯ್ರಿ" ಎಂದ ಅಂದು, ನನ್ನ ಗೋಳು ಕೇಳಿ.

ಮೊಳೆ ಕಟ್ಟಿದೆ, ಹಗುರ. ಅಡಕತ್ತರಿ ಕಟ್ಟಿದೆ, ಭಾರ. ಕಿಸೆಯಲ್ಲಿದ್ದುದೊಂದನ್ನು ಕಟ್ಟಿದೆ, ಮುಳ್ಳು ನಟ್ಟನಡುವೆ ನಿಂತಿತು! ಆನೆಯನ್ನು ಹಿಡಿದು ಹಾಡುತ್ತ ಮನೆಗೆ ಬಂದರೆ ಪ್ರೊಫೆಸರು ಕಟ್ಟೆಯ ಮೇಲೆ ಕೂತಿದ್ದರು. ದುಡ್ಡು ನೋಡಿ, "ಭಲೇ!" ಎಂದು ಎದ್ದೇ ನಿಂತರು. "ಬಾಗಲಾ ತಗೀರಿ, ಉಳದದ್ದೂ ನೋಡೋಣ."

ಕಿಸೆಗೆ ಕೈ ಹಾಕಿದೆ. ತಕ್ಕಡಿಗೆ ಕಟ್ಟಿ ಬಂದದ್ದು ಮನೆಯ ಕೀಲಿಕೈ!

ಅವರನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮತ್ತೆ ಉಣಕಲ್ಲಿಗೆ ತುಳಿದೆ. ಚಾಚಾ ಒಲ್ಲೆನೆಂದು ತಲೆಯಾಡಿಸಿದ. "ಕೀಲಿಕೈ ಬೇಕಂದ್ರ ಆನಿ ಕೊಡ್ರಿ. ನನ್ನ ತಕ್ಕಡಿ ಸಮ ನಿಂದ್ರಬೇಕು."

ನನ್ನ ಕಣ್ಣಲ್ಲಿ ನೀರೇ ಬಂತು. ಪ್ರೊಫೆಸರು ಮಾತ್ರ ಜನಿವಾರಕ್ಕೆ ಕಟ್ಟಿದ್ದ ಕೀಲಿಕೈ ಬಿಚ್ಚಿ ಕೊಟ್ಟರು. "ಆನಿ ಬಿಡಬ್ಯಾಡ್ರಿ ಮಾಸ್ತರ! ಇದನ್ನ ಕಟ್ಟಪಾ." ಒಂದು ನಯಾ ಪೈಸೆ ಸೇರಿಸಿದ ಮೇಲೆ ಮುಳ್ಳು ಸಮ ನಿಂತಿತು.

"ನಿಮ್ಮ ಕೀಲಿಕೈ ಎಲ್ಲೀದು ಸರ್?"

"ನಮ್ಮ ನಾಣ್ಯದ ಪೆಟ್ಟಿಗೀದು. ಪೆಟ್ಟಿಗಿ ಎಲ್ಲಿ ಓಡಿ ಹೋಗತದ? ಮುಂದಿನ ರವಿವಾರ ಧಾರವಾಡಕ್ಕ ಬರ್ರಿ, ನನ್ನ ಸಂಗ್ರಹ ತೋರಸ್ತೇನಿ!"

ಹೋದೆ. ಇಬ್ಬರೂ ಪೆಟ್ಟಿಗೆಯ ಮುಂದೆ ಕೂತು, ಒಂದು ತಾಸು ಬೀಗ ನೋಡಿ, ಚಹಾ ಕುಡಿದೆವು.